ಇದ್ದ ಹಾಗೆ

ಸುತ್ತಿಗೆಯನ್ನು ಜೋರಾಗಿ ಬೀಸಲಿಲ್ಲ ರಾಯ್ಸ್,
ಪರಿಚಯದವರ ಬಾಗಿಲು ತಟ್ಟುವಷ್ಟು, ಅಷ್ಟೇ.
ಮುಂದಿನ ಚಕ್ರದ ಬಳಿ ಠಣ್ ಅಂದಿತು.
ನಡುವಿಗೆ ಬಂದಾಗ ದಡ್ ಅಂದಿತು.
ಹಿಂದೆ, ಸ್ಪ್ರಿಂಗು ಕಚ್ಚಿಕೊಂಡಿರುವಲ್ಲಿ,
ಸದ್ದೇ ಇಲ್ಲ.
ಸುತ್ತಿಗೆಯ ಮೂತಿ ಚಾಸಿಯ ಒಳಗೆ ಹೋಗಿತ್ತು.

"ಇರ್ಯಾ, ಬಗ್ಗಿ ನೋಡು" ಅಂದ.
ಬಗ್ಗಲಿಲ್ಲ ನಾನು. ಅವನ ಹುಬ್ಬಿನ ಮೇಲೆ
ಬರ್ಚ್ ಮರದ ತೊಗಟೆಯಂತೆ ಸುರುಳಿ ಸುರುಳಿ
ಕಂದು ಚೂರು ಉದುರಿದ್ದು
ನಿಂತಲ್ಲಿಂದಲೇ ಕಾಣುತ್ತಿತ್ತು.

ಎಂಟು ಸಾವಿರದ ನಾನೂರು ಡಾಲರು.
ಶಾಲೆಯ ಅಡುಗೆಮನೆಯಲ್ಲಿ ಅದು ಎಷ್ಟು ಸೌಟು ಬಟಾಣಿ ಸಾರು
ಅಂತ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.
ಕೆಂಪು ಪಿಕಪ್ಪು. ಕೀಲಿ ತಿರುಗಿಸಿದರೆ ಒಂದು ಕೆಮ್ಮಿಲ್ಲ.
ಹೀಟರು ಎರಡೇ ನಿಮಿಷಕ್ಕೆ ಪಾದ ಬೆಚ್ಚಗಾಗಿಸಿತು,
ಅಲ್ಲಿಗೆ ನಾನು ಸೋತೆ.
ಕೊಳ್ಳುವಾಗ ಬಗ್ಗಿ ನೋಡಿದ್ದೆ ಕೂಡ, ಸುಳ್ಳು ಹೇಳಬಾರದು:
ಹೊಟ್ಟೆಯಡಿಗೆಲ್ಲ ಕಪ್ಪು ಡಾಂಬರು, ಮಿರಿಮಿರಿ.
ಎಷ್ಟು ಜೋಪಾನ ಮಾಡಿದ್ದಾರಪ್ಪ ಅಂದುಕೊಂಡೆ.
ಜೋಪಾನ ಮಾಡಿದ್ದು ಗುಟ್ಟನ್ನು.

ಉಪ್ಪು ತಿಂದವರು ನೀರು ಕುಡಿಯಬೇಕು, ಹೌದು.
ಆದರೆ ಸುಪೀರಿಯರ್ ಸರೋವರದ ಈ ದಂಡೆಯಲ್ಲಿ
ನವೆಂಬರಿನಿಂದ ಏಪ್ರಿಲಿನವರೆಗೆ
ಉಪ್ಪು ತಿನ್ನುವುದು ರಸ್ತೆ,
ನೀರು ಕುಡಿಯುವುದು ಕಬ್ಬಿಣ,
ದಂಡ ಕಟ್ಟುವುದು ಕೊನೆಗೆ ಕೊಂಡವರು.

ಚೂರುಗಳನ್ನು ಕಾಫಿ ಡಬ್ಬಿಗೆ ತುಂಬಿಕೊಂಡು
ಸಲ್ಮೆಲಾನ ಮನೆಗೆ ಹೋದೆ.
ಅಲುಗಾಡದ ಮುಖ. ಕಾಗದ ತೆಗೆದ. ನನ್ನದೇ ರುಜು.
"ಇದ್ದದ್ದನ್ನು ಇದ್ದ ಹಾಗೆ ಮಾರಿದ್ದೇನೆ, ನೋಡು."
ಇದ್ದದ್ದು ಇದ್ದ ಹಾಗೆ ಹೇಳಿದರೆ
ಎದ್ದು ಬಂದು ಎದೆಗೆ ಒದೆಯುತ್ತಾರಂತೆ;
ಮಾರಿದರೆ ಒದೆ ತಿನ್ನುವವರೇ ಬೇರೆ.
ಗೋಡೆ ಪಕ್ಕ ಡಾಂಬರಿನ ಎರಡು ಖಾಲಿ ಡಬ್ಬ,
ಟರ್ಪೆಂಟೈನಿನಲ್ಲಿ ನೆನೆಹಾಕಿದ ಬ್ರಷ್ಷು.
ನಾನು ಅದನ್ನು ನೋಡಿದ್ದನ್ನು ಅವನು ನೋಡಿದ.
ಕಾಫಿ ಬಗ್ಗಿಸಿ ಕೊಟ್ಟ.
ಕುಡಿದೆನಲ್ಲ, ಅದಕ್ಕೇ ಇವತ್ತಿಗೂ ಹೊಟ್ಟೆ ಉರಿ.

ರಾಯ್ಸ್ ಹೇಳಿದ: ತೇಪೆ ಹಾಕಬಹುದು,
ಆದರೆ ತೇಪೆ ಹೊಲಿಯಲಿಕ್ಕೆ ಬಟ್ಟೆ ಉಳಿದಿರಬೇಕಲ್ಲ.

ಆ ಚಳಿಗಾಲವಿಡೀ ಬೆಳಗಿನ ಜಾವ ನಾಲ್ಕೂವರೆಗೆ
ಶಾಲೆಗೆ ಹೋದದ್ದು ವರ್ನಾಳ ಲಾರಿಯಲ್ಲಿ.
ಕೌಂಟಿಯ ಲಾರಿ. ಹಿಂದಿನಿಂದ ಉಪ್ಪು ಚೆಲ್ಲುತ್ತ
ಮುಂದೆ ಮುಂದೆ ಹೋಗುತ್ತದೆ.
ಇಬ್ಬರೂ ನಕ್ಕೆವು, ಬೇರೇನು ಮಾಡುವುದು.

ಹಿಮ ಕರಗಿದಾಗ ಹುಡುಗನೊಬ್ಬ ಬಂದ, ಡೆಲ್ವಿನ್,
ಗರಗಸದ ಮಿಲ್ಲಿನವನು, ತೋಳಿನ ತುಂಬ ಮರದ ಹೊಟ್ಟು,
ಜೇಬಿನಲ್ಲಿ ಲಕೋಟೆ.
ಕೆಂಪು ಬಣ್ಣದ ಮೇಲೆ ಅಂಗೈ ಆಡಿಸಿದ,
ಎಳೆಗರುವನ್ನು ಸವರುವ ಹಾಗೆ.
ಕೆಳಗೆ ಹೇಗಿದೆ ಅಂತ ಕೇಳಲಿಲ್ಲ.
ಕೇಳದವರಿಗೆ ಹೇಳಬೇಕೆ?
ಸೌನಾದ ಬೆಂಚಿನಡಿ ನಾನೂ ಒಂದು ಡಬ್ಬ ಡಾಂಬರು
ತಂದಿಟ್ಟಿದ್ದೆ. ಮುಚ್ಚಳ ತೆಗೆದಿರಲಿಲ್ಲ.
ಅದೇನು ದೊಡ್ಡಸ್ತಿಕೆಯಲ್ಲ,
ಬ್ರಷ್ಷು ಸಿಕ್ಕಿರಲಿಲ್ಲ.

"ಹೀಟರು ಹಾಕಿ ನೋಡ್ಲಾ?" ಅಂದ.
ಒಳಗೆ ಹೋಗಿ ಸುತ್ತಿಗೆ ತಂದು ಕೈಗಿಟ್ಟೆ.
ಬಾಗಿಲಿಗೆ ಬಡಿದ, ಬಾನೆಟ್ಟಿಗೆ ಬಡಿದ, ಪಾಪ.
ಅಲ್ಲಲ್ಲ ಮಗೂ, ಅಂಗಾತ ಮಲಗು,
ಗಡಿಗೆ ಕೊಳ್ಳುವವರು ಬುಡ ಬಡಿದು ನೋಡುತ್ತಾರೆ.
ಕೆಸರಿನಲ್ಲೇ ಮಲಗಿದ. ಬೂಟು ಮಾತ್ರ ಕಾಣುತ್ತಿತ್ತು.
ಮೂರು ಸಲ ಸದ್ದಾಯಿತು.
ನಾಲ್ಕನೆಯದು ಆಗಲಿಲ್ಲ.

ಎದ್ದು ಬಂದ. ಒದೆಯಲಿಲ್ಲ.
ಕಣ್ಣಿಗೆ ಬಿದ್ದ ತುಕ್ಕು ಒರೆಸಿಕೊಂಡು,
ನಾಳೆ ಪಕ್ಕದೂರಿನಲ್ಲಿ ಇನ್ನೊಂದು ನೋಡಲಿಕ್ಕಿದೆ,
ಈ ಸುತ್ತಿಗೆ ಒಯ್ಯಲಾ ಅಂದ.

ಹತ್ತೊಂಬತ್ತು ಕಂತು ಬಾಕಿ ಇವೆ.
ಸುತ್ತಿಗೆ ಇನ್ನೂ ವಾಪಸು ಬಂದಿಲ್ಲ.